ಅರಂತೋಡಿನ ಕೊಲಂಬು

ಸುಳ್ಯದ ಬಸ್ ಏಜೆಂಟ್ ಚನಿಯಪ್ಪನಿಗೆ ಊಟಕ್ಕೆ ಬಟ್ಟೆಗೆ ಏನೂ ಕೊರತೆ ಇರಲಿಲ್ಲ. ಇದ್ದದ್ದು ಒಂದೇ ಕೊರಗು. ಬೆಳಗಾದರೆ ಊರವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸಿಕೊಡುವ ತಾನು ಮಾತ್ರ ಎಲ್ಲಿಗೂ ಹೋಗಿಲ್ಲವಲ್ಲ ಎಂಬ ಕೊರಗು. ಪುತ್ತೂರಿಗೆ ಮದುವೆಗೆ ಹೊರಟವರು, ಮಂಗಳೂರಿಗೆ ಹಲ್ಲು ಕೀಳಿಸಲು ಹೊರಟವರು, ಮಡಿಕೇರಿಗೆ ಅಣ್ಣತಮ್ಮಂದಿರ ಜಗಳ ಮುಂದುವರಿಸಲು ಹೊರಟವರು, ಎಲ್ಲರಿಗೂ ಅವನೇ ಸೀಟು ಹಿಡಿಯಬೇಕು, ಅವನೇ ಗಂಟುಮೂಟೆ ಮೇಲೆ ಹಾಕಿಸಬೇಕು. ಕಡೆಗೆ ಬಸ್ಸಿನ ಬೆನ್ನಿಗೆ ಎರಡು ಗುದ್ದು ಕೊಟ್ಟು "ರೈಟ್!" ಎಂದರೆ ಬಸ್ಸು ಹೋಗುತ್ತಿತ್ತು, ಧೂಳೂ ಚನಿಯಪ್ಪನೂ ಉಳಿಯುತ್ತಿದ್ದರು. ಆಗ ಸುಳ್ಯ ಇನ್ನೂ ಪುತ್ತೂರು ತಾಲೂಕಿಗೆ ಸೇರಿದ್ದ ಸಣ್ಣ ಪೇಟೆ. ಬಸ್ಸು ಕಡಿಮೆ, ಧೂಳು ಧಾರಾಳ.

ಎರಡನೆಯ ಕೊರಗು ಹಾರ್ಮೋನಿಯಂ. (ಒಂದೇ ಕೊರಗು ಎಂದು ಮೇಲೆ ಹೇಳಿದ್ದು ಬಸ್ ನಿಲ್ದಾಣದ ಮಟ್ಟಿಗೆ. ಇದು ಮನೆಯ ಲೆಕ್ಕ.) ಪುತ್ತೂರಿನಲ್ಲಿ ಒಂದು ನಾಟಕ ಕಂಪೆನಿ ಮುಳುಗಿದಾಗ ಅದರ ಹಾರ್ಮೋನಿಯಂ ಚನಿಯಪ್ಪನ ಪಾಲಿಗೆ ತೇಲಿ ಬಂದಿತ್ತು. ತನ್ನೊಳಗೆ ಒಬ್ಬ ಸಂಗೀತ ವಿದ್ವಾಂಸ ಮಲಗಿದ್ದಾನೆ, ಅವನನ್ನು ಎಬ್ಬಿಸಲು ಸ್ವಲ್ಪ ಪುರುಸೊತ್ತು ಬೇಕು ಅಷ್ಟೆ ಎಂದು ಅವನ ಗಟ್ಟಿ ನಂಬಿಕೆ. ಆ ಪುರುಸೊತ್ತು ಎಲ್ಲಿಂದ ಬರಬೇಕು? ಸಂಜೆ ಚಾಪೆ ಹಾಸಿ, ಪೆಟ್ಟಿಗೆ ತೆರೆದು, ಗಾಳಿ ಹಾಕಿ 'ಸಾ' ಎನ್ನುವುದರೊಳಗೆ ಅಡಿಗೆಮನೆಯಿಂದ ಹೆಂಡತಿ ಕಮಲಾವತಿಯ ಸ್ವರ ಬರುತ್ತಿತ್ತು.

"ಹೋಯ್, ಎಮ್ಮೆ ಕಟ್ಟಿದ್ದೀರಾ?"

ಎಮ್ಮೆ ಕಟ್ಟಿ ಬಂದು 'ರೀ' ಎನ್ನುವಾಗ ಚಾವಡಿಯ ಮೂಲೆಯಿಂದ ಅಮ್ಮ ದುಗ್ಗಮ್ಮ, "ಚನಿಯಾ, ಬೆನ್ನಿಗೆ ಸ್ವಲ್ಪ ಎಣ್ಣೆ ತಿಕ್ಕು ಮಗಾ" ಎನ್ನುತ್ತಿದ್ದಳು. ಹೀಗೆ ವರ್ಷಗಳು ಕಳೆದರೂ ಅವನ ಸಂಗೀತ 'ಗಾ' ದಾಟಿರಲಿಲ್ಲ.

ಉಪಾಯ ಹೇಳಿಕೊಟ್ಟವನು ಮೂಸಕುಂಞಿ. ಸುಳ್ಯದಿಂದ ಮಡಿಕೇರಿ ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಅರಂತೋಡಿನಲ್ಲಿ ಅವನ ಅಂಗಡಿ. ಕರಿಮೆಣಸು, ಹುಣಸೆಹುಳಿ, ಒಣಮೀನು, ಜೊತೆಗೆ ಮನಸ್ಸಾದಾಗ ಓಡುವ ಒಂದು ಹಳೆಯ ಲಾರಿ. ಅವನೂ ಚನಿಯಪ್ಪನೂ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ನಿಂತವರು. (ಕೂತುಕೊಳ್ಳಲು ಮಾಸ್ತರರು ಬಿಟ್ಟದ್ದು ಕಡಿಮೆ.)

"ಕೊಲಂಬಿಗೆ ಹೋಗು ಮಾರಾಯ," ಎಂದ ಮೂಸಕುಂಞಿ. "ನನ್ನ ತಮ್ಮ ಶುಕೂರನ ಅಂಗಡಿ ಉಂಟಲ್ಲ ಅಲ್ಲಿ. ಮಾಳಿಗೆಯಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದುಕೊಂಡು ಉಂಟು. ಒಂದು ವರ್ಷ ಕೂತುಕೊಂಡು ಬಾರಿಸು. ಅಲ್ಲಿ ನಿನ್ನನ್ನು ಯಾರು ಕರೀತಾರೆ? ನಿನ್ನ ಎಮ್ಮೆ ಕಡಲು ದಾಟಿ ಬರ್ತದಾ?"

ಎಮ್ಮೆ ಕಡಲು ದಾಟುವುದಿಲ್ಲ ಎಂಬ ಮಾತು ಚನಿಯಪ್ಪನ ಎದೆಯಲ್ಲಿ ನೇರ ಹೋಗಿ ಕೂತಿತು. ಮರುದಿನವೇ ಬಸ್ಸಿನ ಧಣಿಗಳಲ್ಲಿ ಒಂದು ವರ್ಷದ ರಜೆ ಕೇಳಿದ. "ಹೋಗಿ ಬಾ, ಅಲ್ಲಿವರೆಗೆ ಜತ್ತಪ್ಪ ನೋಡಿಕೊಳ್ತಾನೆ" ಎಂದು ಅವರು ಒಂದೇ ಮಾತಿನಲ್ಲಿ ಒಪ್ಪಿದರು. ಜತ್ತಪ್ಪ ಎಂದರೆ ಬಸ್ಸಿನ ಮೇಲೆ ಸಾಮಾನು ಏರಿಸುವವನು. ರಜೆ ಸಿಕ್ಕಿದ್ದು ಸಂತೋಷ, ಇಷ್ಟು ಸಲೀಸಾಗಿ ಸಿಕ್ಕಿದ್ದು ಚನಿಯಪ್ಪನಿಗೆ ಅಷ್ಟು ಹಿಡಿಸಲಿಲ್ಲ.

ಉಳಿದದ್ದು ಕಮಲಾವತಿ. ಅವಳು ಅತ್ತು ಕರೆದು ಅಡ್ಡಗಟ್ಟುತ್ತಾಳೆ, ಆಗ ತಾನು ಎದೆ ಕಲ್ಲು ಮಾಡಿಕೊಂಡು ಹೀಗೆ ಹೀಗೆ ಹೇಳಬೇಕು ಎಂದು ಅವನು ದೊಡ್ಡ ಭಾಷಣವನ್ನೇ ತಯಾರು ಮಾಡಿಕೊಂಡು ಹೋದ. ಅವಳು ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಿದ್ದಳು.

"ಒಂದು ವರ್ಷ," ಎಂದ ಗಂಭೀರವಾಗಿ. "ಪರದೇಶ. ಸಂಗೀತ ಸಾಧನೆ."

"ಆಯ್ತು."

"ಕಡಲು ದಾಟಿ ಹೋಗ್ಬೇಕು. ಕೊಲಂಬು."

"ಹೋಗಿ ಬನ್ನಿ. ಹಾರ್ಮೋನಿಯಂ ಕೊಂಡುಹೋಗ್ತೀರಲ್ಲ?"

"ಅದಿಲ್ಲದೆ ಎಂತ ಸಾಧನೆ?"

"ಹಾಗಾದ್ರೆ ಅಡ್ಡಿ ಇಲ್ಲ," ಎಂದು ಅವಳು ಮುಂದಿನ ಎಲೆ ಎತ್ತಿಕೊಂಡಳು. ಭಾಷಣ ಹೊಟ್ಟೆಯಲ್ಲೇ ಉಳಿಯಿತು.

ಸುಳ್ಯದಿಂದ ಕಡಲು ದಾಟುವುದೆಂದರೆ ಆ ಕಾಲಕ್ಕೆ ಸಣ್ಣ ಸಂಗತಿಯೇ? ಮೂಸಕುಂಞಿಯ ಕಡೆಯ ಬ್ಯಾರಿಗಳ ಮನೆಗಳಲ್ಲಿ ಒಬ್ಬಿಬ್ಬರು ಕೊಲಂಬು ಕಂಡವರಿದ್ದರು. ಸುತ್ತಿನ ಗೌಡರ ಮನೆಗಳಲ್ಲಿ ಚನಿಯಪ್ಪನೇ ಮೊದಲಿಗ. ಕಳಿಸಿಕೊಡುವ ಊಟಗಳು ಶುರುವಾದವು. ಒಂದು ಮನೆಯಲ್ಲಿ ಉಂಡು ಇನ್ನೊಂದು ಮನೆಯಲ್ಲಿ ಉಣ್ಣದೆ ಹೋದರೆ ಸಂಬಂಧ ಉಳಿಯುವುದುಂಟೇ? ಕಡಬದ ಭಾವನ ಮನೆಯಲ್ಲಿ ಕೋಳಿ ಸಾರು, ಆಲಂಕಾರಿನ ಚಿಕ್ಕಮ್ಮನ ಮನೆಯಲ್ಲಿ ಕೋಳಿ ಸುಕ್ಕ, ಪೇಟೆಯಲ್ಲಿ ದಿನಕ್ಕೊಂದು ಮನೆ. ಆ ದಿನಗಳಲ್ಲಿ ಸುಳ್ಯದ ಕೋಳಿಗಳು ಚನಿಯಪ್ಪನನ್ನು ಕಂಡರೆ ಬೇಲಿ ಹಾರುತ್ತಿದ್ದವು.

ಕೊನೆಯ ಊಟ ಕಮಲಾವತಿಯ ಸೋದರಮಾವ ಕುಕ್ಕಪ್ಪನವರ ಮನೆಯಲ್ಲಿ. ಅಲ್ಲಿ ಮೊದಲು ಎಲೆ ಹಾಕುವುದು ಕಾರ್ನೋರಿಗೆ, ಎಂದರೆ ತೀರಿಹೋದ ಹಿರಿಯರಿಗೆ. ಒಳಕೋಣೆಯಲ್ಲಿ ದೀಪ ಹಚ್ಚಿ, ರೊಟ್ಟಿ, ಕೋಳಿ, ಒಂದು ಕುಪ್ಪಿ ಇಟ್ಟು ಕುಕ್ಕಪ್ಪನವರು ಗಟ್ಟಿಯಾಗಿ ಅರಿಕೆ ಮಾಡಿದರು.

"ಕಾರ್ನೋರೇ, ನಮ್ಮ ಅಳಿಯ ಕಡಲು ದಾಟ್ತಾ ಇದ್ದಾನೆ. ನಿಮಗೆ ಆ ಕಡೆಯ ದಾರಿ ಗೊತ್ತಿರ್ಲಿಕ್ಕಿಲ್ಲ. ಆದರೂ ಅವನ ಹಿಂದಿನಿಂದ ಹೋಗಿ, ಕಾಪಾಡಿ ಕರಕೊಂಡು ಬನ್ನಿ."

ಚನಿಯಪ್ಪನ ಕಣ್ಣು ತುಂಬಿ ಬಂತು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ಧಣಿಗಳು ಹಾರ ಹಾಕಿ ಭಾಷಣ ಮಾಡಿದರು. ಡ್ರೈವರನ ಪಕ್ಕದ ಸೀಟಿನಲ್ಲಿ ಅವನು ಹಾರ ಸಮೇತ ಕೂತ. ಜತ್ತಪ್ಪ ಬಸ್ಸಿನ ಬೆನ್ನಿಗೆ ಗುದ್ದಿ "ರೈಟ್!" ಎಂದ.

ಮಂಗಳೂರಿನ ಬಂದರಿನಲ್ಲಿ ಮೂಸಕುಂಞಿ ಮೆಣಸಿನ ಲೋಡು ಇಳಿಸಿ, ಲಾರಿಯಲ್ಲೇ ತಂದಿದ್ದ ಹಾರ್ಮೋನಿಯಂ ಹಿಡಿದುಕೊಂಡು ಕಾಯುತ್ತಿದ್ದ. ಹಂಚು ತುಂಬಿಕೊಂಡು ಕೊಲಂಬಿಗೆ ಹೊರಟ ಹಡಗು ಎದುರಿಗೇ ಇತ್ತು. ಚನಿಯಪ್ಪ ಹಡಗಿನ ಕಚೇರಿಯೊಳಗೆ ಹೋಗಿ ಕನ್ನಡಕದ ಗುಮಾಸ್ತನ ಮುಂದೆ ನಿಂತು, "ಕೊಲಂಬು ಒಂದು" ಎಂದ.

"ಪಾಸ್‌ಪೋರ್ಟ್ ಕೊಡಿ."

"ಎಂತದು?"

"ಪಾಸ್‌ಪೋರ್ಟ್."

ಚನಿಯಪ್ಪ ನಕ್ಕು, ಮೇಜಿನ ಮೇಲೆ ಬಗ್ಗಿ, ದನಿ ತಗ್ಗಿಸಿ ಹೇಳಿದ: "ನಾನೂ ಏಜೆಂಟೇ. ಸುಳ್ಯದ್ದು."

ಇಲ್ಲಿ ಒಂದು ಮಾತು ಹೇಳಲೇಬೇಕು. ಬಸ್ಸಿನವರಲ್ಲಿ ಒಬ್ಬ ಏಜೆಂಟ್ ಇನ್ನೊಬ್ಬ ಏಜೆಂಟನಿಗೆ ಟಿಕೆಟ್ ಕೇಳುವ ಸಂಪ್ರದಾಯವಿಲ್ಲ. ಪುತ್ತೂರೆನ್ನಿ, ಮಂಗಳೂರೆನ್ನಿ, 'ನಾನು ಸುಳ್ಯದ ಏಜೆಂಟ್' ಎಂದರೆ ಎಂಥ ತುಂಬಿದ ಬಸ್ಸಿನಲ್ಲೂ ಅರ್ಧ ಸೀಟು ಹುಟ್ಟುತ್ತಿತ್ತು. ಹಡಗು ಎಂದರೆ ನೀರಿನ ಮೇಲೆ ಹೋಗುವ ಬಸ್ಸು ಎಂದು ಚನಿಯಪ್ಪ ಪ್ರಾಮಾಣಿಕವಾಗಿ ನಂಬಿದ್ದ.

"ಒಂದು ಜನ, ಒಂದು ಪೆಟ್ಟಿಗೆ," ಎಂದು ಅವನು ಮುಂದುವರಿಸಿದ. "ಹೇಗಾದ್ರೂ ಸುಧಾರಿಸಿ ಮಾರಾಯ್ರೆ. ಬೇಕಾದ್ರೆ ಡ್ರೈವರನ ಹತ್ತಿರ ಕೂತುಕೊಳ್ತೇನೆ."

ಗುಮಾಸ್ತ ಕನ್ನಡಕ ತೆಗೆದು ನೋಡಿದ. ಆಮೇಲೆ ಒಳಗಿನ ಕೋಣೆಯಿಂದ ಇನ್ನಿಬ್ಬರನ್ನು ಕರೆದು ತೋರಿಸಿದ. ಅವರು ನಕ್ಕು ಮುಗಿಸುವುದರೊಳಗೆ ಹಡಗು ಕೂಗು ಹಾಕಿ ಹೊರಟುಹೋಯಿತು.

"ಪಾಸ್‌ಪೋರ್ಟ್ ಬೇಕು ಅಂತ ನಿನಗೆ ಗೊತ್ತಿರ್ಲಿಲ್ವಾ?" ಎಂದು ಚನಿಯಪ್ಪ ಮೂಸಕುಂಞಿಯ ಮೇಲೆ ಹರಿಹಾಯ್ದ. "ನಿನ್ನ ತಮ್ಮನೇ ಹೋದವ!"

"ನಾನು ಹೋಗಿದ್ದೇನಾ? ಇಡೀ ಊರನ್ನು ಬೇರೆ ಬೇರೆ ಕಡೆ ಕಳಿಸುವವ ನೀನು. ನಿನಗೆ ಎಲ್ಲ ಗೊತ್ತುಂಟು ಅಂತ ನಾನು ಸುಮ್ಮನಿದ್ದೆ. ಈಗ ಎಂತ, ಮನೆಗೆ ಹೋಗುವ ಬಾ."

"ಯಾವ ಮುಖ ಹೊತ್ತುಕೊಂಡು ಹೋಗುದು? ಅಷ್ಟು ಮನೆಯ ಕೋಳಿ ತಿಂದು ಅದೇ ದಿನ ಸಂಜೆಗೆ ವಾಪಸು ಹೋಗ್ಲಿಕ್ಕೆ ಆಗ್ತದಾ? ಸಾಯುವವರೆಗೆ ನನ್ನನ್ನು ಕೊಲಂಬು ಚನಿಯಪ್ಪ ಅಂತ ಕರೀತಾರೆ. ಮನುಷ್ಯರದ್ದು ಹೋಗಲಿ, ಕಾರ್ನೋರಿಗೆ ಎಂತ ಹೇಳ್ಲಿ? ಅವರು ಪಾಪ ಈಗಾಗಲೇ ಹೊರಟಿರಬಹುದು."

ಅವನು ಹೇಳದೆ ಬಿಟ್ಟದ್ದು ಕಮಲಾವತಿಯ ಮುಖ. ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಅದಕ್ಕೇ. ಅವಳು ಬೈದರೆ ತಡೆದುಕೊಳ್ಳಬಹುದಿತ್ತು. ಏನೂ ಹೇಳದೆ ಬಾಯಿಗೆ ಸೆರಗು ಇಟ್ಟುಕೊಂಡರೆ ಅವನ ಗತಿ ಏನು?

ಹೀಗಾಗಿ ಆ ಸಂಜೆ ಮೂಸಕುಂಞಿಯ ಲಾರಿಯಲ್ಲಿ ಖಾಲಿ ಗೋಣಿಚೀಲಗಳ ಕೆಳಗೆ, ಹಾರ್ಮೋನಿಯಮ್ಮನ್ನು ತಬ್ಬಿಕೊಂಡು, ಚನಿಯಪ್ಪನ ವಿದೇಶ ಪ್ರಯಾಣ ಆರಂಭವಾಯಿತು. ಹಾಳು ಲಾರಿ ನೀರು ಕುಡಿಯಲು ಸುಳ್ಯದ ಬಸ್ ನಿಲ್ದಾಣದಲ್ಲೇ ನಿಂತಿತು. ಗೋಣಿಯ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದ ಚನಿಯಪ್ಪನಿಗೆ ಜತ್ತಪ್ಪನ ದನಿ ಕೇಳಿಸಿತು. "ಪುತ್ತೂರು, ಪುತ್ತೂರು!" ಒಳ್ಳೆಯ ಗಂಟಲು. ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ತಾನಿಲ್ಲದೆಯೂ ಬಸ್ಸು ಹೊರಡುತ್ತದೆ ಎಂದು ಅವನಿಗೆ ತಿಳಿದದ್ದು ಅಂದೇ.

ಅರಂತೋಡಿನ ಅಂಗಡಿಯ ಅಟ್ಟವೇ ಅವನ ಕೊಲಂಬು ಆಯಿತು. ಪಾಸ್‌ಪೋರ್ಟ್ ಮಾಡಿಸಿ ಮುಂದಿನ ಹಡಗಿಗೆ ಹೋಗುವ ಯೋಚನೆ ಒಂದೆರಡು ದಿನ ಇತ್ತು. ಅದಕ್ಕೆ ಪೊಲೀಸರು ಮನೆಗೆ ಬಂದು ವಿಚಾರಿಸುತ್ತಾರೆ ಎಂದು ಗೊತ್ತಾದ ಮೇಲೆ ಅದೂ ಬಿತ್ತು. ಇನ್ನು ಒಂದು ವರ್ಷ ಇಲ್ಲೇ ಇದ್ದು, ಸಂಗೀತ ಕಲಿತು, ಕೊಲಂಬಿನಿಂದ ಬಂದವನ ಹಾಗೆ ಇಳಿಯುವುದೆಂದು ತೀರ್ಮಾನ.

ಆದರೆ ಬಾರಿಸುವುದು ಹೇಗೆ? ಕೆಳಗೆ ಇಡೀ ದಿನ ಗಿರಾಕಿಗಳು. ಅವರಲ್ಲಿ ಅರ್ಧ ಜನ ಸುಳ್ಯದವರು. ಆದ್ದರಿಂದ ಚನಿಯಪ್ಪ ಹಾರ್ಮೋನಿಯಮ್ಮಿಗೆ ಗಾಳಿ ಹಾಕದೆ, ಬರಿಯ ಬೆರಳು ಆಡಿಸುವ ಹೊಸ ಪದ್ಧತಿಯೊಂದನ್ನು ಕಂಡುಹಿಡಿದ. ಟಕ ಟಕ ಎಂಬುದೊಂದು ಬಿಟ್ಟರೆ ಬೇರೆ ಸದ್ದಿಲ್ಲ. ಸಂಗೀತವೆಲ್ಲ ಅವನ ತಲೆಯೊಳಗೆ. ಅಲ್ಲಿ ಅದು ಬಹಳ ಸೊಗಸಾಗಿ ಕೇಳುತ್ತಿತ್ತು. 'ಗಾ' ದಾಟಿದ, 'ಮಾ' ದಾಟಿದ, ಕೀರ್ತನೆಗಳನ್ನೇ ನುಡಿಸಿದ. ಮೇಲೆ ಎಂತ ಟಕ ಟಕ ಎಂದು ಯಾರಾದರೂ ಕೇಳಿದರೆ ಮೂಸಕುಂಞಿ, "ಹೆಗ್ಗಣ" ಎನ್ನುತ್ತಿದ್ದ.

ಮೂಸಕುಂಞಿಯ ತಾಯಿ ಬೀಫಾತುಮ್ಮನಿಗೆ ಮಾತ್ರ ಈ ಸಾಧನೆಯ ಬೆಲೆ ತಿಳಿಯಲಿಲ್ಲ. ಆ ಮುದುಕಿ ಏಣಿಯ ಬುಡದಲ್ಲಿ ನಿಂತು, ಸ್ವಂತ ಮಗನನ್ನು ಕರೆಯುವ ಹಾಗೆಯೇ ಕೂಗುತ್ತಿದ್ದಳು.

"ಮೋನೆ, ಸುಮ್ಮನೆ ಕೂತು ಎಂತ ಮಾಡ್ತೀ? ಈ ಹುಣಸೆ ಬೀಜ ತೆಗಿ."

ಹುಣಸೆ ಮುಗಿದರೆ ಮೊರದಲ್ಲಿ ಮೆಣಸು ಗೇರುವುದು, ಮೆಣಸು ಮುಗಿದರೆ ಬೆಳ್ಳುಳ್ಳಿ ಸುಲಿಯುವುದು. ಉಂಡ ಮನೆ, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಎಮ್ಮೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಕಡಲು ದಾಟಿ ಅವನ ಹಿಂದೆಯೇ ಬಂದಿತ್ತು.

ಒಂದು ದಿನ ಕೆಳಗಿನಿಂದ ತೀರ ಪರಿಚಯದ ದನಿ ಬಂತು. "ಒಣಮೀನು ಉಂಟಾ ಸಾಹುಕಾರ್ರೆ?"

ಚನಿಯಪ್ಪ ಅಟ್ಟದ ಹಲಗೆಯ ಮೇಲೆ ಮಕಾಡೆ ಬಿದ್ದ. ಸಂದಿನಿಂದ ನೋಡಿದರೆ ಕಮಲಾವತಿ ಸ್ಟೂಲಿನ ಮೇಲೆ ಆರಾಮವಾಗಿ ಕೂತಿದ್ದಾಳೆ. ಮುಖದಲ್ಲಿ ಒಳ್ಳೆಯ ಕಳೆ ಬಂದಿದೆ. ತಲೆಯಲ್ಲಿ ಮಲ್ಲಿಗೆ ಬೇರೆ.

"ಕೊಲಂಬಿನ ಸುದ್ದಿ ಎಂತ?" ಎಂದು ಕೇಳಿದಳು.

ಮೂಸಕುಂಞಿ ಒಮ್ಮೆ ಅಟ್ಟದ ಕಡೆ ನೋಡಿ, "ಸುಖ ಅಂತೆ. ಭಾರೀ ಬಾರಿಸ್ತಾ ಇದ್ದಾನಂತೆ" ಎಂದ.

"ಬಾರಿಸಲಿ, ಬಾರಿಸಲಿ. ಇಲ್ಲಿಯೂ ಸುಖವೇ ಸಾಹುಕಾರ್ರೆ. ಒಂದು ಹೊತ್ತು ಗಂಜಿ ಬೇಯಿಸಿದ್ರೆ ಎರಡು ಹೊತ್ತು ಆಗ್ತದೆ. ಮಧ್ಯಾಹ್ನ ಮಲಗಿದ್ರೆ 'ನನ್ನ ಬನಿಯನ್ ಎಲ್ಲಿ' ಅಂತ ಕೇಳುವವರಿಲ್ಲ. ಬನಿಯನ್ ಕಣ್ಣೆದುರೇ ಇರ್ತದೆ ಮಾರಾಯ್ರೆ, ಆದ್ರೂ ಕೇಳುದು!"

ಅಟ್ಟದ ಮೇಲೆ ಚನಿಯಪ್ಪನಿಗೆ ಮೈಯೆಲ್ಲ ಉರಿಯಿತು. ಉರಿದರೇನು, ಕೆಮ್ಮುವ ಹಾಗೂ ಇಲ್ಲ. ಅವಳು ಹೋಗುವಾಗ ಒಂದು ಭರಣಿ ನಿಂಬೆ ಉಪ್ಪಿನಕಾಯಿ ಕೊಟ್ಟು, ಕೊಲಂಬಿಗೆ ಹೋಗುವವರು ಯಾರಾದರೂ ಇದ್ದರೆ ಕಳಿಸಿ ಎಂದಳು. ಅಂದು ರಾತ್ರಿಯ ಊಟಕ್ಕೆ ಚನಿಯಪ್ಪ ಆ ಉಪ್ಪಿನಕಾಯಿ ನೆಕ್ಕಿದಾಗ ಅವನಿಗೆ ಅಳುವೇ ಬಂತು. ಮನೆ ನೆನಪಾದದ್ದಕ್ಕೋ, ತಾನಿಲ್ಲದೆ ಮನೆ ಚೆನ್ನಾಗಿ ನಡೆಯುತ್ತಿದೆ ಎಂಬುದಕ್ಕೋ ಅವನಿಗೇ ತಿಳಿಯಲಿಲ್ಲ.

ಅವಳು ಮತ್ತೆಯೂ ಬಂದಳು. ಎಮ್ಮೆ ಕರು ಹಾಕಿದ್ದು ಹೇಳಿದಳು, ಅತ್ತೆಯ ಬೆನ್ನುನೋವು ಕಡಿಮೆಯಾದದ್ದು ಹೇಳಿದಳು. ಪ್ರತಿ ಸಲವೂ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದಳು. ಆಟಿ ತಿಂಗಳ ಮಳೆ ಹಿಡಿದ ಒಂದು ದಿನ ಅವಳು ಹೀಗೆ ಮಾತಾಡುತ್ತಿರುವಾಗ, ಗೇರುತ್ತಿದ್ದ ಮೆಣಸಿನ ಹುಡಿ ಚನಿಯಪ್ಪನ ಮೂಗಿಗೆ ಹೊಕ್ಕಿತು. ಅವನು ಮೂಗು ಹಿಡಿದ, ಬಾಯಿ ಮುಚ್ಚಿದ, ಗೋಣಿಯೊಳಗೆ ತಲೆ ತೂರಿಸಿದ. ಎಲ್ಲ ಸೇರಿ ಸೀನು ಇಮ್ಮಡಿಯಾಗಿ ಸಿಡಿಯಿತು. ಅಟ್ಟದ ಧೂಳು ಕೆಳಗೆ ಕಮಲಾವತಿಯ ಮಡಿ ಸೀರೆಯ ಮೇಲೆ ಉದುರಿತು.

ಮೂಸಕುಂಞಿ ತಕ್ಕಡಿ ಹಿಡಿದ ಹಾಗೆಯೇ ನಿಂತ. ಕಮಲಾವತಿ ತಲೆ ಎತ್ತಿ ಸಹ ನೋಡಲಿಲ್ಲ. ಸೀರೆ ಕೊಡವಿಕೊಂಡು ಎದ್ದಳು.

"ಕೊಲಂಬಿನಲ್ಲಿ ಈಗ ಶೀತ ಹೆಚ್ಚು ಅಂತ ಕಾಣ್ತದೆ. ನಾಳೆ ಕಷಾಯದ ಹುಡಿ ಕೊಟ್ಟು ಹೋಗ್ತೇನೆ, ಕಳಿಸಿ ಆಯ್ತಾ?"

ಅವಳು ಹೋದ ಮೇಲೆ ಚನಿಯಪ್ಪ ಏಣಿಯಿಂದ ಜಾರಿಯೇ ಇಳಿದ. "ಗೊತ್ತಾಯ್ತಾ ಅವಳಿಗೆ?"

"ನನಗೆಂತ ಗೊತ್ತು? ಬರೀ ಶೀತದ ಮಾತಾಡಿದ್ದು ಅವರು."

"ಗೊತ್ತಾಗಿದ್ರೆ ಬೈಬೇಕಿತ್ತಲ್ಲ?"

"ಬೈಲಿಲ್ಲ."

"ಹಾಗಾದ್ರೆ ಗೊತ್ತಾಗ್ಲಿಲ್ಲ. ಗೊತ್ತಾಗದಿದ್ರೆ ಸೀನು ಯಾರದ್ದು ಅಂತ ಕೇಳ್ಬೇಕಿತ್ತಲ್ಲ?"

ಈ ಲೆಕ್ಕ ಎಷ್ಟು ಮಾಡಿದರೂ ತಾಳೆಯಾಗಲಿಲ್ಲ. ಕಷಾಯ ಕುಡಿದರೂ ನಿದ್ದೆ ಬರಲಿಲ್ಲ. ಇಡೀ ಊರಿಗೆ ಸುಳ್ಳು ಹೇಳಬಹುದು, ಆದರೆ ಅವಳಿಗೆ ಗೊತ್ತುಂಟೋ ಇಲ್ಲವೋ ಎಂದು ತಿಳಿಯದೆ ಅಟ್ಟದಲ್ಲಿ ಕೂತಿರಲು ಅವನಿಂದ ಆಗಲಿಲ್ಲ. ವರ್ಷ ತುಂಬುವ ಮೊದಲೇ, "ನನ್ನನ್ನು ಕೊಲಂಬಿನಿಂದ ತಾ ಮಾರಾಯ" ಎಂದು ಮೂಸಕುಂಞಿಯ ಕೈ ಹಿಡಿದ.

ಅರಂತೋಡಿನಿಂದ ನೇರವಾಗಿ ಬಂದರೆ ಕೊಲಂಬಿನಿಂದ ಬಂದ ಹಾಗೆ ಆಗುವುದಿಲ್ಲವಲ್ಲ! ಮತ್ತೆ ಗೋಣಿಯ ಕೆಳಗೆ ಮಲಗಿ, ಸುಳ್ಯ ದಾಟಿ, ಪುತ್ತೂರಿನವರೆಗೆ ಹೋದ. ಅಲ್ಲಿ ಮೂಸಕುಂಞಿ ತಂದಿದ್ದ ರೇಷ್ಮೆ ಅಂಗಿ ತೊಟ್ಟು, ಕಪ್ಪು ಕನ್ನಡಕ ಹಾಕಿ, ಅರ್ಧ ಕುಪ್ಪಿ ಅತ್ತರು ಸುರಿದುಕೊಂಡು ಸುಳ್ಯದ ಬಸ್ಸು ಹತ್ತಿದ. ನಿಲ್ದಾಣದಲ್ಲಿ ಜನ ಮುತ್ತಿಕೊಂಡರು. ಎಲ್ಲರಿಗೂ ವಿಪರೀತ ಮರ್ಯಾದೆ.

"ಹಡಗಿನಲ್ಲಿ ತಲೆ ತಿರುಗ್ತದಾ ಚನಿಯಪ್ಪಣ್ಣ?" ಎಂದ ಜತ್ತಪ್ಪ.

"ಮೊದಲಿಗೆ ಸ್ವಲ್ಪ. ಆಮೇಲೆ ಅಭ್ಯಾಸ ಆಗ್ತದೆ. ಅಲೆ ಅಂದ್ರೆ ಒಂದೊಂದು ಈ ಬಸ್ಸಿನಷ್ಟು."

"ಕಾರ್ನೋರು ಹಿಂದಿನಿಂದ ಬಂದಿದ್ರಾ?" ಎಂದು ಕುಕ್ಕಪ್ಪನವರು ಗಂಭೀರವಾಗಿ ವಿಚಾರಿಸಿದರು.

"ಬಂದಿದ್ರು ಮಾವ. ಇಲ್ಲದಿದ್ರೆ ನಾನು ಎಲ್ಲಿ ಬದುಕಿ ಬರ್ತಿದ್ದೆ?"

ಎಲ್ಲರೂ ತಲೆದೂಗಿದರು. ಕೆಲವರು ಯಾಕೋ ಬೇಗ ಬೇಗ ಬೆನ್ನು ತಿರುಗಿಸಿ ಹೋದರು.

ಮನೆಯಲ್ಲಿ ಕಮಲಾವತಿ ಬೆಲ್ಲ, ನೀರು ತಂದಿಟ್ಟಳು. ಚನಿಯಪ್ಪ ಅಲೆಯ ಸಂಗತಿ ಹೇಳಲು ಬಾಯಿ ತೆರೆದ. ಅವಳು ಎದುರಿಗೆ ಕೂತು ನೋಡುತ್ತಿದ್ದಳು. ಸಿದ್ಧ ಮಾಡಿಕೊಂಡು ಬಂದಿದ್ದ ಕಡಲೆಲ್ಲ ಒಂದೇ ಗಳಿಗೆಯಲ್ಲಿ ಬತ್ತಿಹೋಯಿತು.

"ನಾನು ಕೊಲಂಬಿಗೆ ಹೋಗ್ಲೇ ಇಲ್ಲ," ಎಂದ.

"ಗೊತ್ತುಂಟು."

"ಸೀನಿದಾಗ ಗೊತ್ತಾಯ್ತಾ?"

"ಹೋದ ದಿನವೇ. ಲಾರಿ ನೀರು ಹಾಕ್ಲಿಕ್ಕೆ ನಿಂತಿತ್ತಲ್ಲ, ನಿಮ್ಮ ಎರಡೂ ಕಾಲು ಗೋಣಿಯಿಂದ ಹೊರಗೆ ಇತ್ತು. ಜತ್ತಪ್ಪ ಓಡಿ ಬಂದು ಹೇಳಿದ."

"ಹಾಗಾದ್ರೆ ಸುಳ್ಯದವರಿಗೆ?"

"ಎಲ್ಲರಿಗೂ ಗೊತ್ತುಂಟು. ಕಡಬಕ್ಕೂ ಗೊತ್ತುಂಟು, ಆಲಂಕಾರಿಗೂ. ಯಾರೂ ಬಾಯಿ ಬಿಡ್ಬೇಡಿ ಅಂತ ನಾನೇ ಮನೆ ಮನೆಗೆ ಹೋಗಿ ಹೇಳಿ ಬಂದೆ. ನಿಮ್ಮ ಮರ್ಯಾದೆ ಹೋದ್ರೆ ನನ್ನದು ಉಳೀತದಾ?" ಅವಳು ನೀರಿನ ಚೊಂಬನ್ನು ಅವನ ಹತ್ತಿರಕ್ಕೆ ಸರಿಸಿದಳು. "ಮತ್ತೆ, ಅಷ್ಟು ಆಸೆಪಟ್ಟು ಹೊರಟವರು. ಎಲ್ಲಿಯಾದ್ರೂ ಕೂತು ಬಾರಿಸಲಿ ಅಂತ."

ಚನಿಯಪ್ಪನಿಗೆ ನಾಚಿಕೆಯಾಗಬೇಕಿತ್ತು. ಆಯಿತು ಕೂಡ. ಆದರೆ ಅದಕ್ಕಿಂತ ಮೊದಲು ಬಂದದ್ದು ಸಮಾಧಾನ. ಇನ್ನು ಅಲೆಗಳ ಎತ್ತರ ನೆನಪಿಟ್ಟುಕೊಳ್ಳಬೇಕಾಗಿಲ್ಲ, ಗೋಣಿಯ ಕೆಳಗೆ ಮಲಗಬೇಕಾಗಿಲ್ಲ, ಈ ಹೆಂಗಸಿನ ಎದುರು ಯಾವುದನ್ನೂ ಅಡಗಿಸಬೇಕಾಗಿಲ್ಲ. ಬೆಲ್ಲವನ್ನು ಪೂರ್ತಿ ತಿಂದು, ನೀರನ್ನು ಗಟಗಟ ಕುಡಿದು ನಗಲು ಶುರುಮಾಡಿದ. ಅವಳೂ ಬಾಯಿಗೆ ಸೆರಗು ಹಿಡಿದು ನಕ್ಕಳು. ತಾನು ಅಷ್ಟು ಹೆದರಿದ್ದು ಈ ನಗುವಿಗೋ ಎಂದು ಅವನಿಗೆ ಅನಿಸಿತು.

ಆ ಹುರುಪಿನಲ್ಲೇ ಪೆಟ್ಟಿಗೆ ತೆರೆದು, ಇಷ್ಟು ತಿಂಗಳ ಬಳಿಕ ಮೊದಲ ಬಾರಿಗೆ ಗಾಳಿ ಹಾಕಿ ಬಾರಿಸಿದ. ತಲೆಯೊಳಗೆ ಕೇಳಿದ್ದಕ್ಕೂ ಈಗ ಹೊರಗೆ ಬಂದದ್ದಕ್ಕೂ ಸಂಬಂಧವೇ ಇರಲಿಲ್ಲ. ಹಟ್ಟಿಯಲ್ಲಿ ಕರು ಬೆದರಿ ಕೂಗಿತು. ಕಮಲಾವತಿ ಮಾತ್ರ ಕಡೆಯವರೆಗೆ ಕೂತು ಕೇಳಿದಳು.

"ಒಳ್ಳೇದಾಯ್ತು," ಎಂದಳು. "ಈಗ ನಂದೊಂದು ಉಂಟು. ನನಗೆ ವರ್ಷ ಎಲ್ಲ ಬೇಡ, ಒಂದು ತಿಂಗಳು ಸಾಕು. ಆ ಅಟ್ಟ ಈಗ ಖಾಲಿ ಅಲ್ವಾ? ಬೀಫಾತುಮ್ಮನ ಹತ್ತಿರ ಮಾತಾಡಿ ಆಗಿದೆ."

"ಅಲ್ಲಿ ಹೋಗಿ ಎಂತ ಮಾಡ್ತಿ?"

"ಎಂತದೂ ಮಾಡುದಿಲ್ಲ. ಅದನ್ನೇ ಮಾಡ್ಲಿಕ್ಕೆ ಹೋಗುದು. ಅತ್ತೆಗೆ ಹೇಳಿದ್ದೇನೆ. ಇನ್ನು ಎಣ್ಣೆ ತಿಕ್ಕುದು, ಗಂಜಿ ಇಡುದು ಎಲ್ಲ ನಿಮ್ಮ ಮಗನೇ ಅಂತ."

ಊರವರು ಬಿಡುತ್ತಾರೆಯೇ? ಕಮಲಾವತಿಗೂ ಕಳಿಸಿಕೊಡುವ ಊಟ ನಡೆಯಿತು. ಅವಳು ಹೊರಟ ಬೆಳಿಗ್ಗೆ ಚನಿಯಪ್ಪ ಮತ್ತೆ ಕೆಲಸಕ್ಕೆ ನಿಂತಿದ್ದ. ಮಡಿಕೇರಿಯ ಬಸ್ಸು ತುಂಬುತ್ತಿತ್ತು. ಕಮಲಾವತಿ ಕಿಟಕಿಯ ಪಕ್ಕದ ಸೀಟು ಹಿಡಿದು, ಮಡಿಲಲ್ಲಿ ಗಂಟು ಇಟ್ಟುಕೊಂಡು, ಮದುವೆಗೆ ಹೊರಟ ಹುಡುಗಿಯ ಹಾಗೆ ಕೂತಿದ್ದಳು.

"ಅರಂತೋಡು, ಸಂಪಾಜೆ, ಮಡಿಕೇರಿ!" ಎಂದು ಚನಿಯಪ್ಪ ಕೂಗಿದ.

ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಹೋಯ್, ಸರಿಯಾಗಿ ಹೇಳಿ ಕೂಗಿ. ನಾನು ತಪ್ಪು ಬಸ್ಸು ಹತ್ತಿದೆನೋ ಅಂತ ಅನುಮಾನ ಬರ್ತದೆ."

ಇಡೀ ನಿಲ್ದಾಣ ಅವನನ್ನೇ ನೋಡುತ್ತಿತ್ತು. ಯಾವ ಹೆಸರಿಗೆ ಹೆದರಿ ಅಷ್ಟು ತಿಂಗಳು ಬೆಳಕು ಕಾಣದೆ ಕೂತಿದ್ದನೋ, ಆ ಹೆಸರನ್ನು ಅವನೇ ಎದೆ ತುಂಬ ಉಸಿರೆಳೆದುಕೊಂಡು ಪೇಟೆಗೆಲ್ಲ ಕೇಳುವ ಹಾಗೆ ಕೂಗಿದ.

"ಕೊಲಂಬು, ಸಂಪಾಜೆ, ಮಡಿಕೇರಿ! ಯಾರಿದ್ದೀರಿ ಕೊಲಂಬಿಗೆ? ಬೇಗ ಹತ್ತಿ!"